ಪಿಪಿಟಿಪಿ: ಒಂದು ಹಳೆಯ ಸುರಂಗ ನಿಯಮಾವಳಿಯ ಗುಣದೋಷ ವಿಮರ್ಶೆ

೧

ಹಳೆಯ ದಾನಪತ್ರವೊಂದು ಕೈಗೆ ಬಂದಾಗ ಇತಿಹಾಸದ ವಿದ್ಯಾರ್ಥಿಯು ಮೊದಲು ಕೇಳಬೇಕಾದ ಪ್ರಶ್ನೆಗಳು ಎರಡು. ಇದನ್ನು ಹೊರಡಿಸಿದವನು ತಾನೆಂದು ಹೇಳಿಕೊಳ್ಳುವವನೇ ಹೌದೆ? ಅವನು ಹೊರಡಿಸಿದ ಮಾತು ನಡುದಾರಿಯಲ್ಲಿ ಮಾರ್ಪಡದೆ ನಮ್ಮವರೆಗೆ ಬಂದಿದೆಯೆ? ಪತ್ರವು ಗುಪ್ತವಾದ ರಾಜಕಾರ್ಯಕ್ಕೆ ಸಂಬಂಧಿಸಿದುದಾದರೆ ಮೂರನೆಯ ಪ್ರಶ್ನೆಯೊಂದು ಇವಕ್ಕೆ ಸೇರುತ್ತದೆ: ಓದಬೇಕಾದವರಲ್ಲದೆ ಬೇರೆಯವರೂ ಇದನ್ನು ಓದಿದ್ದಾರೆಯೆ? ೧೯೦೧ರಲ್ಲಿ ಬಿ. ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕದ ಆರನೆಯ ಸಂಪುಟವಾಗಿ ಕಡೂರು ಜಿಲ್ಲೆಯ ಶಾಸನಗಳನ್ನು ಪ್ರಕಟಿಸಿದ ಕಾಲದಲ್ಲಿ, ಗಂಗರ ತಾಮ್ರಪಟಗಳ ವಿಷಯವಾಗಿ ಅವರಿಗೂ ಫ್ಲೀಟ್ ಅವರಿಗೂ ನಡೆದ ವಾದವು ಈ ಮೊದಲೆರಡು ಪ್ರಶ್ನೆಗಳನ್ನು ಕುರಿತದ್ದೇ ಆಗಿತ್ತು. ತಾಮ್ರದ ಬಳೆಯೂ ಅದರ ಮೇಲಿನ ಆನೆಯ ಮುದ್ರೆಯೂ ಇದ್ದಮಾತ್ರಕ್ಕೆ ಪಟದಲ್ಲಿ ಬರೆದುದೆಲ್ಲವೂ ಸತ್ಯವಾಗದು, ಮುದ್ರೆಯನ್ನೂ ಒಳಗಿನ ಮಾತನ್ನೂ ಬೇರೆಬೇರೆಯಾಗಿ ಪರೀಕ್ಷಿಸಬೇಕು ಎಂಬ ವಿವೇಕವು ನಮ್ಮ ಶಾಸ್ತ್ರಕ್ಕೆ ಬಂದುದು ಇಂಥ ವಾದಗಳಿಂದಲೇ.

ಪ್ರಕೃತ ಲೇಖನದ ವಸ್ತುವು ತಾಮ್ರಪಟವಲ್ಲ. ೧೯೯೬ರಲ್ಲಿ ಬಳಕೆಗೆ ಬಂದು, ಇಂದಿಗೂ ಹಳೆಯ ಯಂತ್ರಗಳಲ್ಲಿ ಉಳಿದುಕೊಂಡಿರುವ ಪಿಪಿಟಿಪಿ ಎಂಬ ಕಂಪ್ಯೂಟರ್ ಸಂಪರ್ಕ ನಿಯಮಾವಳಿ. ಆದರೆ ಅದನ್ನು ತೂಗಲು ನಾವು ಬಳಸುವ ತಕ್ಕಡಿ ಮೇಲೆ ಹೇಳಿದ ಮೂರು ಪ್ರಶ್ನೆಗಳದೇ. ತಂತ್ರಜ್ಞರ ಕೆಲಸಕ್ಕೆ ಇತಿಹಾಸದ ಅಧ್ಯಾಪಕರು ಕೈಹಾಕುವುದೇಕೆ ಎಂದು ವಾಚಕರು ಕೇಳಬಹುದು. ಸಾಧನವೊಂದು ಹಳೆಯದಾಗಿ, ಅದರ ದೋಷಗಳು ಬಯಲಾದ ಮೇಲೂ ಜನರ ಕೈಯಲ್ಲಿ ಏಕೆ ಉಳಿಯುತ್ತದೆ ಎಂಬ ಪ್ರಶ್ನೆ ಯಂತ್ರಕ್ಕೆ ಸಂಬಂಧಿಸಿದುದಲ್ಲ, ಇತಿಹಾಸಕ್ಕೆ ಸಂಬಂಧಿಸಿದುದು. ಅಲ್ಲದೆ ಕಡೂರು, ತರೀಕೆರೆ, ಅಜ್ಜಂಪುರಗಳಂಥ ಊರುಗಳ ಕಾಲೇಜು ಕಚೇರಿಗಳಲ್ಲಿ ಇಂಥ ಸಾಧನಗಳನ್ನು ಇಡುವ ಅಥವಾ ಬಿಡುವ ತೀರ್ಮಾನವು ತಂತ್ರಜ್ಞರಿಲ್ಲದೆಯೇ ಆಗಬೇಕಾದ ಸಂದರ್ಭಗಳು ಹೆಚ್ಚು. ಆ ತೀರ್ಮಾನಕ್ಕೆ ಬೇಕಾದಷ್ಟು ತಿಳಿವಳಿಕೆಯು ಅಧ್ಯಾಪಕರಲ್ಲಿಯೂ ವಿದ್ಯಾರ್ಥಿಗಳಲ್ಲಿಯೂ ಇರುವುದು ಅವಶ್ಯಕ.

೨

ಮೊದಲು ಈ ನಿಯಮಾವಳಿಯು ಯಾವ ಕೊರತೆಯನ್ನು ನೀಗಲು ಹುಟ್ಟಿತೆಂಬುದನ್ನು ನೋಡೋಣ. ನಮ್ಮ ಕಚೇರಿಗಳಲ್ಲಿ ಕಾಗದವನ್ನು ಕಳುಹಿಸುವ ಕ್ರಮಗಳು ಎರಡು. ಒಂದು, ಸಾಮಾನ್ಯ ಟಪಾಲು. ಮತ್ತೊಂದು, ನಂಬಿಕೆಯ ನೌಕರನೊಬ್ಬನ ಕೈಯಲ್ಲಿ ಕೊಟ್ಟು ಕಳುಹಿಸುವ ಮುದ್ದಾಂ. ಮೊದಲನೆಯದು ಅಗ್ಗ, ಆದರೆ ಹತ್ತು ಕೈಗಳನ್ನು ದಾಟುತ್ತದೆ. ಎರಡನೆಯದು ಸುರಕ್ಷಿತ, ಆದರೆ ಪ್ರತಿದಿನದ ಕೆಲಸಕ್ಕೆ ದುಬಾರಿ. ಕಂಪ್ಯೂಟರುಗಳ ಲೋಕದಲ್ಲಿಯೂ ಹೀಗೆಯೇ. ಎರಡು ಕಚೇರಿಗಳ ನಡುವೆ ಸ್ವಂತಕ್ಕೆ ಗುತ್ತಿಗೆ ಪಡೆದ ತಂತಿಯು ಮುದ್ದಾಮಿನಂತೆ. ಎಲ್ಲರೂ ಬಳಸುವ ಇಂಟರ್ನೆಟ್ಟು ಸಾಮಾನ್ಯ ಟಪಾಲಿನಂತೆ. ಸಾಮಾನ್ಯ ಟಪಾಲಿನ ವೆಚ್ಚದಲ್ಲಿ ಮುದ್ದಾಮಿನ ಗೌಪ್ಯವನ್ನು ಸಾಧಿಸುವ ಉಪಾಯಕ್ಕೆ ವಿಪಿಎನ್ ಎಂದು ಹೆಸರು. ಕಾಗದವನ್ನು ಒಂದು ಲಕೋಟೆಯಲ್ಲಿಟ್ಟು ಮೊಹರು ಮಾಡಿ, ಆ ಲಕೋಟೆಯನ್ನು ಮತ್ತೊಂದು ಸಾಮಾನ್ಯ ಲಕೋಟೆಯೊಳಗಿಟ್ಟು ಟಪಾಲಿಗೆ ಹಾಕಿದಂತೆ ಇದರ ಕ್ರಮ. ಹೊರಗಿನ ಲಕೋಟೆಯನ್ನು ನೋಡಿದವನಿಗೆ ಎಲ್ಲಿಂದ ಎಲ್ಲಿಗೆ ಎಂಬುದಷ್ಟೇ ತಿಳಿಯಬೇಕು. ಹೀಗೆ ಸಾರ್ವಜನಿಕ ದಾರಿಯೊಳಗೆ ನಿರ್ಮಾಣವಾಗುವ ಖಾಸಗಿ ದಾರಿಗೆ ತಂತ್ರಜ್ಞರು ಸುರಂಗವೆನ್ನುತ್ತಾರೆ.

ಇಂಥ ವ್ಯವಸ್ಥೆಯ ಅಗತ್ಯವು ನಮ್ಮ ನಾಡಿಗೆ ಹೊಸದಲ್ಲ. ೧೬೭೨ರಲ್ಲಿ ಚಿಕ್ಕದೇವರಾಜ ಒಡೆಯರು ಏರ್ಪಡಿಸಿದ ಮೈಸೂರಿನ ಅಂಚೆಯು ೧೮೮೯ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆ ಇಲಾಖೆಯಲ್ಲಿ ಲೀನವಾಗುವವರೆಗೆ ಸಂಸ್ಥಾನದ ಸ್ವಂತ ಸಂಪರ್ಕ ಜಾಲವಾಗಿತ್ತು. ಅಂಚೆಯ ಅಧಿಕಾರಿಗಳು ಪತ್ರಗಳನ್ನು ಸಾಗಿಸುವುದರ ಜೊತೆಗೆ ಸೀಮೆಯ ಗುಪ್ತ ಸಮಾಚಾರಗಳನ್ನು ಸಂಗ್ರಹಿಸಿ ಆಸ್ಥಾನಕ್ಕೆ ಒಪ್ಪಿಸುತ್ತಿದ್ದರೆಂದು ಕರ್ನಲ್ ವಿಲ್ಕ್ಸ್ ತನ್ನ ಗ್ರಂಥದಲ್ಲಿ ತಿಳಿಸಿದ್ದಾನೆ. ಇದರಿಂದ ಹೊರಡುವ ಪಾಠವನ್ನು ಮುಂದಿನ ವಿವೇಚನೆಗಾಗಿ ನೆನಪಿನಲ್ಲಿಡಬೇಕು: ದಾರಿಯನ್ನು ಕಾಯುವವನೇ ದಾರಿಯನ್ನು ನೋಡುವವನೂ ಆಗಿರಬಹುದು. ಆದುದರಿಂದ ಗೌಪ್ಯವು ದಾರಿಯನ್ನಾಗಲಿ ಓಲೆಕಾರನನ್ನಾಗಲಿ ಅವಲಂಬಿಸದೆ ಮುದ್ರೆಯನ್ನೇ ಅವಲಂಬಿಸಬೇಕು.

೩

ಪಿಪಿಟಿಪಿಯನ್ನು ಮೈಕ್ರೋಸಾಫ್ಟ್, ಅಸೆಂಡ್, ತ್ರೀಕಾಂ ಮೊದಲಾದ ಸಂಸ್ಥೆಗಳು ಕೂಡಿ ರೂಪಿಸಿದವು. ೧೯೯೬ರಲ್ಲಿ ಹೊರಬಂದ ವಿಂಡೋಸ್ ಎನ್‌ಟಿ ೪.೦ರಲ್ಲಿ ಅದು ಸೇರಿತು. ಅದರ ಲಿಖಿತ ನಿರೂಪಣೆಯು ೧೯೯೯ರ ಜುಲೈ ತಿಂಗಳಲ್ಲಿ, ಇಂಟರ್ನೆಟ್ಟಿನ ನಿಯಮಾವಳಿಗಳನ್ನು ಪ್ರಕಟಿಸುವ ಆರ್‌ಎಫ್‌ಸಿ ಮಾಲೆಯಲ್ಲಿ ೨೬೩೭ನೆಯ ಪತ್ರವಾಗಿ ಪ್ರಕಟವಾಯಿತು. ಆರು ಮಂದಿ ಲೇಖಕರ ಈ ಪತ್ರವು ತಾನು ಮಾಹಿತಿಗಾಗಿ ಮಾತ್ರವೆಂದೂ ಇಂಟರ್ನೆಟ್ಟಿನ ಅಧಿಕೃತ ಮಾನದಂಡವಲ್ಲವೆಂದೂ ಮೊದಲಲ್ಲಿಯೇ ಹೇಳಿಕೊಳ್ಳುತ್ತದೆ. ಲೋಕದಲ್ಲೆಲ್ಲ ಹರಡಿದ ಮೇಲೆ ನಿಯಮವು ಬರಹಕ್ಕೆ ಇಳಿಯಿತೆಂಬುದನ್ನು ಇಲ್ಲಿ ಗಮನಿಸಬೇಕು. ರೂಢಿಯು ಮುಂದಾಗಿ ಶಾಸನವು ಹಿಂದಾದ ಸಂದರ್ಭಗಳಲ್ಲಿ ರೂಢಿಯ ದೋಷಗಳೆಲ್ಲ ಶಾಸನದೊಳಕ್ಕೂ ಬರುವುದು ಸಹಜ.

ಇದರ ಗುಣಗಳನ್ನು ಮೊದಲು ಹೇಳುವುದು ನ್ಯಾಯ. ಅವು ಅಲ್ಪವಲ್ಲ.

ಮೊದಲನೆಯದು ಮಿತವ್ಯಯ. ೧೯೯೫ರ ಆಗಸ್ಟ್ ೧೫ರಂದು ವಿಎಸ್‌ಎನ್‌ಎಲ್ ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ಸೇವೆಯನ್ನು ಆರಂಭಿಸಿತು. ಆಗ ದೂರದ ಕಂಪ್ಯೂಟರನ್ನು ಮುಟ್ಟಲು ದೂರವಾಣಿಯ ಮೂಲಕ ನೇರವಾಗಿ ಕರೆ ಮಾಡಬೇಕಾಗಿತ್ತು. ದೂರ ಹೆಚ್ಚಿದಂತೆ ಎಸ್‌ಟಿಡಿಯ ದರವೂ ಹೆಚ್ಚುತ್ತಿತ್ತು. ಹತ್ತಿರದ ಸೇವಾಕೇಂದ್ರಕ್ಕೆ ಸ್ಥಳೀಯ ಕರೆ ಮಾಡಿ, ಅಲ್ಲಿಂದ ಮುಂದಕ್ಕೆ ಇಂಟರ್ನೆಟ್ಟಿನ ದಾರಿಯಲ್ಲಿ ಸುರಂಗವನ್ನು ನಡೆಸಬಹುದೆಂಬುದು ಆ ಕಾಲಕ್ಕೆ ದೊಡ್ಡ ಉಪಕಾರವೇ ಸರಿ. ಎರಡನೆಯದು ಸೌಲಭ್ಯ. ಸರ್ವರಿನ ವಿಳಾಸ, ಬಳಕೆದಾರನ ಹೆಸರು, ಪಾಸ್‌ವರ್ಡ್, ಈ ಮೂರನ್ನು ತುಂಬಿದರೆ ಕೆಲಸವಾಯಿತು. ಬೇರೆ ತಂತ್ರಾಂಶವನ್ನು ಕೊಳ್ಳಬೇಕಾಗಿರಲಿಲ್ಲ, ಡಿಜಿಟಲ್ ಪ್ರಮಾಣಪತ್ರಗಳನ್ನು ಹಂಚಬೇಕಾಗಿರಲಿಲ್ಲ. ಮೂರನೆಯದು ಲಘುತ್ವ. ಆರ್‌ಸಿ೪ ಎಂಬ ಗೂಢಲಿಪಿಯು ಅಲ್ಪಶಕ್ತಿಯ ಯಂತ್ರಗಳ ಮೇಲೂ ವೇಗವಾಗಿ ನಡೆಯುತ್ತಿತ್ತು. ನಾಲ್ಕನೆಯದು ಔದಾರ್ಯ. ಪಿಪಿಪಿ ಎಂಬ ಇನ್ನೂ ಹಳೆಯ ನಿಯಮಾವಳಿಯನ್ನು ತನ್ನೊಳಗೆ ಹೊತ್ತು ಸಾಗುತ್ತಿದ್ದುದರಿಂದ, ಇಂಟರ್ನೆಟ್ಟಿನ ಭಾಷೆಯನ್ನರಿಯದ ಐಪಿಎಕ್ಸ್ ಮುಂತಾದ ಹಳೆಯ ಜಾಲಗಳ ಸಂದೇಶಗಳನ್ನೂ ಅದು ದಾಟಿಸಬಲ್ಲುದಾಗಿತ್ತು. ತನ್ನ ಹಿಂದಿನವರನ್ನು ಕೈಬಿಡದೆ ನಡೆದ ಸಾಧನವೆಂದು ಇದನ್ನು ಹೊಗಳಬೇಕು.

ಈ ಗುಣಗಳಲ್ಲಿ ಎರಡನೆಯದು ಇತಿಹಾಸದ ದೃಷ್ಟಿಯಿಂದ ಮುಖ್ಯವಾದುದು. ವಿಶೇಷಜ್ಞರಿಲ್ಲದ ಕಚೇರಿಗಳಿಗೂ ಖಾಸಗಿ ಜಾಲವೆಂಬುದು ಎಟುಕುವಂತೆ ಮಾಡಿದ ಕೀರ್ತಿಯಲ್ಲಿ ದೊಡ್ಡ ಪಾಲು ಪಿಪಿಟಿಪಿಯದು. ಈ ಮಾತನ್ನು ಒಪ್ಪದೆ ಅದರ ದೋಷಗಳನ್ನಷ್ಟೇ ಎಣಿಸುವ ವಿಮರ್ಶೆಯು ಏಕಪಕ್ಷೀಯವಾಗುತ್ತದೆ.

೪

ಈಗ ಮೊದಲನೆಯ ಪ್ರಶ್ನೆಗೆ ಬರೋಣ: ಬಂದವನು ತಾನೆಂದು ಹೇಳಿಕೊಳ್ಳುವವನೇ ಹೌದೆ? ಇದನ್ನು ನಿರ್ಣಯಿಸುವ ಕೆಲಸವನ್ನು ಪಿಪಿಟಿಪಿಯು ಸ್ವತಃ ಮಾಡುವುದಿಲ್ಲ. ತಾನು ಹೊತ್ತಿರುವ ಪಿಪಿಪಿಗೆ ಒಪ್ಪಿಸುತ್ತದೆ. ಮೈಕ್ರೋಸಾಫ್ಟ್ ಸಂಸ್ಥೆಯು ಇದಕ್ಕಾಗಿ ರೂಪಿಸಿದ ವಿಧಾನದ ಹೆಸರು ಎಂಎಸ್-ಚಾಪ್. ಸರ್ವರು ಒಂದು ಸವಾಲನ್ನು ಎಸೆಯುತ್ತದೆ. ಬಳಕೆದಾರನ ಯಂತ್ರವು ತನ್ನ ಪಾಸ್‌ವರ್ಡಿನ ನೆರವಿನಿಂದ ಅದಕ್ಕೆ ಉತ್ತರವನ್ನು ಸಿದ್ಧಪಡಿಸುತ್ತದೆ. ಪಾಸ್‌ವರ್ಡು ತಾನಾಗಿ ದಾರಿಯಲ್ಲಿ ಪ್ರಯಾಣ ಮಾಡುವುದಿಲ್ಲವೆಂಬುದು ಇದರ ಜಾಣ್ಮೆ.

೧೯೯೮ರಲ್ಲಿ ಬ್ರೂಸ್ ಶ್ನಾಯರ್ ಅವರೂ ಮಡ್ಜ್ ಎಂಬ ಅಂಕಿತದ ಸಂಶೋಧಕರೂ ಈ ವಿಧಾನವನ್ನು ಪರೀಕ್ಷಿಸಿ ಅದರ ಹಲವು ಬಿರುಕುಗಳನ್ನು ಬಯಲಿಗೆಳೆದರು. ಹಳೆಯ ಕಾಲದ ದುರ್ಬಲ ಪಾಸ್‌ವರ್ಡ್ ಗುರುತುಗಳನ್ನು ಅದು ಉಳಿಸಿಕೊಂಡಿತ್ತು. ಹೋಗುವ ಸಂದೇಶಕ್ಕೂ ಬರುವ ಸಂದೇಶಕ್ಕೂ ಒಂದೇ ಕೀಲಿಯನ್ನು ಬಳಸುತ್ತಿತ್ತು. ಅದೇ ವರ್ಷ ಮೈಕ್ರೋಸಾಫ್ಟ್ ಸಂಸ್ಥೆಯು ಎರಡನೆಯ ಆವೃತ್ತಿಯನ್ನು ಹೊರತಂದಿತು. ೧೯೯೯ರಲ್ಲಿ ಶ್ನಾಯರ್, ಮಡ್ಜ್ ಹಾಗೂ ಡೇವಿಡ್ ವ್ಯಾಗ್ನರ್ ಅದನ್ನೂ ಪರೀಕ್ಷಿಸಿದರು. ದೊಡ್ಡ ದೋಷಗಳು ನಿವಾರಣೆಯಾಗಿವೆ, ಆದರೆ ಒಟ್ಟು ಭದ್ರತೆಯು ಬಳಕೆದಾರನು ಆರಿಸಿಕೊಂಡ ಪಾಸ್‌ವರ್ಡಿನ ಬಲವನ್ನು ಮೀರುವುದಿಲ್ಲವೆಂಬುದು ಅವರ ನಿರ್ಣಯದ ಸಾರ.

ಹದಿಮೂರು ವರ್ಷಗಳ ಅನಂತರ ಈ ನಿರ್ಣಯವೂ ಸಾಲದಾಯಿತು. ೨೦೧೨ರಲ್ಲಿ ಮಾಕ್ಸಿ ಮಾರ್ಲಿನ್‌ಸ್ಪೈಕ್ ಮತ್ತು ಡೇವಿಡ್ ಹಲ್ಟನ್ ತೋರಿಸಿಕೊಟ್ಟ ವಿಷಯವನ್ನು ಸ್ವಲ್ಪ ವಿವರವಾಗಿ ನೋಡಬೇಕು. ಪಾಸ್‌ವರ್ಡಿನಿಂದ ಹದಿನಾರು ಬೈಟುಗಳ, ಅಂದರೆ ೧೨೮ ಬಿಟ್‌ಗಳ, ಒಂದು ಗುರುತು ಹುಟ್ಟುತ್ತದೆ. ಈ ಗುರುತನ್ನು ಏಳು, ಏಳು, ಎರಡು ಬೈಟುಗಳ ಮೂರು ತುಂಡುಗಳಾಗಿ ಮಾಡಿ, ಕೊನೆಯ ತುಂಡಿಗೆ ಸೊನ್ನೆಗಳನ್ನು ಸೇರಿಸಿ, ಒಂದೇ ಸವಾಲನ್ನು ಮೂರು ಬಾರಿ ಡಿಇಎಸ್ ಎಂಬ ಹಳೆಯ ಗೂಢಲಿಪಿಯಲ್ಲಿ ಬರೆಯಲಾಗುತ್ತದೆ. ಹೊರಗಿನಿಂದ ನೋಡಿದವರಿಗೆ ಇದು ಮೂರು ಬೀಗಗಳ ಪೆಟ್ಟಿಗೆ. ಮೂರೂ ಬೀಗಗಳನ್ನು ಏಕಕಾಲದಲ್ಲಿ ತೆರೆಯಬೇಕಾಗಿದ್ದರೆ ಅದು ಅಸಾಧ್ಯ ಸಾಹಸವಾಗುತ್ತಿತ್ತು. ಆದರೆ ಇಲ್ಲಿ ಒಂದೊಂದು ಬೀಗವನ್ನೂ ಬೇರೆಬೇರೆಯಾಗಿ ತೆರೆಯಬಹುದು. ಮೂರನೆಯದಕ್ಕೆ ಸಾಧ್ಯವಿರುವ ಕೀಲಿಗಳು ೬೫,೫೩೬ ಮಾತ್ರ. ಉಳಿದೆರಡು ಬೀಗಗಳಿಗೂ ಸವಾಲು ಒಂದೇ ಆದುದರಿಂದ, ಪ್ರತಿಯೊಂದು ಕೀಲಿಯನ್ನೂ ಒಮ್ಮೆ ತಿರುಗಿಸಿ ಎರಡರಲ್ಲಿಯೂ ಪರೀಕ್ಷಿಸಬಹುದು. ಹೀಗೆ ೧೨೮ ಬಿಟ್‌ಗಳೆಂದು ತೋರುತ್ತಿದ್ದ ಬಲವು ೫೬ ಬಿಟ್‌ಗಳಿಗೆ, ಸುಮಾರು ೭೨ ಸಾವಿರ ಲಕ್ಷ ಕೋಟಿ ಪ್ರಯತ್ನಗಳಿಗೆ, ಇಳಿಯಿತು. ಈ ಸಂಖ್ಯೆಯು ನಮಗೆ ದೊಡ್ಡದು, ಯಂತ್ರಕ್ಕೆ ದೊಡ್ಡದಲ್ಲ. ಹಲ್ಟನ್ ಅವರ ವಿಶೇಷ ಯಂತ್ರವು ಒಂದು ದಿನದೊಳಗೆ ಎಲ್ಲ ಕೀಲಿಗಳನ್ನೂ ಪ್ರಯತ್ನಿಸಿ ಮುಗಿಸಬಲ್ಲುದಾಗಿತ್ತು.

೧೯೯೯ರ ನಿರ್ಣಯಕ್ಕೂ ೨೦೧೨ರ ನಿರ್ಣಯಕ್ಕೂ ಇರುವ ವ್ಯತ್ಯಾಸವು ಗಮನಾರ್ಹ. ಮೊದಲನೆಯದರ ಪ್ರಕಾರ, ಒಳ್ಳೆಯ ಪಾಸ್‌ವರ್ಡನ್ನು ಆರಿಸಿಕೊಂಡ ಎಚ್ಚರಿಕೆಯ ಬಳಕೆದಾರನಿಗೆ ರಕ್ಷಣೆಯುಂಟು. ಎರಡನೆಯದರ ಪ್ರಕಾರ, ಪಾಸ್‌ವರ್ಡು ಎಷ್ಟೇ ದೀರ್ಘವಾಗಿರಲಿ, ಎಷ್ಟೇ ಕ್ಲಿಷ್ಟವಾಗಿರಲಿ, ಸಂಪರ್ಕದ ಆರಂಭವನ್ನು ದಾಖಲಿಸಿಕೊಂಡವನಿಗೆ ಅದರ ಗುರುತು ಸಿಕ್ಕೇ ಸಿಗುತ್ತದೆ. ತಪ್ಪು ಬಳಕೆದಾರನದಲ್ಲ, ವಿಧಾನದ್ದೇ ಎಂಬುದು ಆಗ ನಿಸ್ಸಂಶಯವಾಯಿತು.

೫

ಎರಡನೆಯ ಪ್ರಶ್ನೆ: ಕಳುಹಿಸಿದ ಮಾತು ಮಾರ್ಪಡದೆ ತಲುಪುತ್ತದೆಯೆ? ಇಲ್ಲಿ ಆರ್‌ಎಫ್‌ಸಿ ೨೬೩೭ ತಾನೇ ಸಾಕ್ಷಿ ನುಡಿಯುತ್ತದೆ. ಪಿಪಿಟಿಪಿಗೆ ಎರಡು ಅಂಗಗಳು. ಸುರಂಗವನ್ನು ಕಟ್ಟುವ ಮತ್ತು ಕಳಚುವ ಆಜ್ಞೆಗಳು ಟಿಸಿಪಿಯ ೧೭೨೩ನೆಯ ದ್ವಾರದಿಂದ ಹೋಗುತ್ತವೆ. ನಿಜವಾದ ಸರಕು ಜಿಆರ್‌ಇ ಎಂಬ ಬೇರೊಂದು ವಾಹನದಲ್ಲಿ ಸಾಗುತ್ತದೆ. ಆಜ್ಞೆಗಳು ಯಾರಿಂದ ಬಂದವೆಂಬುದಕ್ಕಾಗಲಿ, ಅವು ಬದಲಾಗಿಲ್ಲವೆಂಬುದಕ್ಕಾಗಲಿ ಯಾವ ಪ್ರಮಾಣವೂ ಇಲ್ಲವೆಂದೂ, ಸುಳ್ಳು ಆಜ್ಞೆಗಳನ್ನು ಸೃಷ್ಟಿಸುವುದು ಸಾಧ್ಯವೆಂದೂ ಆ ಪತ್ರದ ಭದ್ರತಾ ಪ್ರಕರಣವು ಒಪ್ಪಿಕೊಳ್ಳುತ್ತದೆ. ಇನ್ನು ಸರಕಿನ ಮಾತು. ಆರ್‌ಸಿ೪ರ ಗೂಢಲಿಪಿಯು ಓದುವವನನ್ನು ತಡೆಯಲು ಯತ್ನಿಸುತ್ತದೆ, ತಿದ್ದುವವನನ್ನು ತಡೆಯುವುದಿಲ್ಲ. ಸಂದೇಶದ ಯಾವ ಸ್ಥಾನದಲ್ಲಿ ಏನಿರಬಹುದೆಂಬ ಊಹೆಯುಳ್ಳವನು ಅದನ್ನು ಓದದೆಯೇ ಆ ಸ್ಥಾನದ ಬಿಟ್‌ಗಳನ್ನು ಮಗುಚಬಲ್ಲನು. ಸ್ವೀಕರಿಸಿದವನಿಗೆ ಅದು ತಿಳಿಯದು.

ತಾಮ್ರಪಟದ ಉಪಮೆಯು ಇಲ್ಲಿ ಯಥಾರ್ಥವಾಗಿ ಹೊಂದುತ್ತದೆ. ಬಳೆಯ ಮೇಲಿನ ಮುದ್ರೆಯು ಅಸಲಾಗಿದ್ದರೂ ನಡುವಿನ ಹಲಗೆಯ ಅಕ್ಷರಗಳನ್ನು ಬಡಿದು ಬೇರೆ ಅಕ್ಷರಗಳನ್ನು ಕೊರೆದಿರಬಹುದು. ಅಂಥ ಕೂಟಶಾಸನವನ್ನು, ಅಂದರೆ ಖೋಟಾ ಶಾಸನವನ್ನು, ಲಿಪಿಯ ರೂಪದಿಂದಲೋ ತಿಥಿವಾರಗಳ ಲೆಕ್ಕದಿಂದಲೋ ಶಾಸನತಜ್ಞರು ಹಿಡಿಯಬಲ್ಲರು. ಸುರಂಗದಿಂದ ಹೊರಬಂದ ಅಂಕಿಗೆ ಲಿಪಿಯ ರೂಪವೆಂಬುದಿಲ್ಲ. ಆದುದರಿಂದಲೇ ಅದಕ್ಕೆ ಗಣಿತದ ಮುದ್ರೆಯು ಅನಿವಾರ್ಯ. ಅದನ್ನು ಪಿಪಿಟಿಪಿಯು ಒದಗಿಸಲಿಲ್ಲ.

ಮೂರನೆಯ ಪ್ರಶ್ನೆ, ಅನ್ಯರು ಓದಿರಬಹುದೆ ಎಂಬುದು. ಇದಕ್ಕೆ ಉತ್ತರ ಕೊಡುವಾಗ ನಮ್ಮ ದೇಶದ ಸಂದರ್ಭವನ್ನು ಪ್ರತ್ಯೇಕವಾಗಿ ಹೇಳಬೇಕು. ತೊಂಬತ್ತರ ದಶಕದಲ್ಲಿ ಅಮೆರಿಕವು ಬಲವಾದ ಗೂಢಲಿಪಿಯ ರಫ್ತನ್ನು ನಿರ್ಬಂಧಿಸಿತ್ತು. ಅಮೆರಿಕ ಮತ್ತು ಕೆನಡಾಗಳಲ್ಲಿ ಮಾರಿದ ತಂತ್ರಾಂಶಕ್ಕೆ ೧೨೮ ಬಿಟ್‌ಗಳ ಕೀಲಿ; ಉಳಿದ ದೇಶಗಳಿಗೆ ಸಾಮಾನ್ಯವಾಗಿ ೪೦ ಬಿಟ್‌ಗಳ ಕೀಲಿ. ೪೦ ಬಿಟ್‌ಗಳೆಂದರೆ ಸುಮಾರು ೧.೧ ಲಕ್ಷ ಕೋಟಿ ಸಾಧ್ಯತೆಗಳು. ಅಷ್ಟೇ ಉದ್ದದ ಕೀಲಿಯುಳ್ಳ ಬೇರೊಂದು ಗೂಢಲಿಪಿಯನ್ನು ೧೯೯೭ರ ಜನವರಿಯಲ್ಲಿ ಬರ್ಕ್ಲಿಯ ವಿದ್ಯಾರ್ಥಿ ಇಯಾನ್ ಗೋಲ್ಡ್‌ಬರ್ಗ್ ಮೂರೂವರೆ ಗಂಟೆಗಳಲ್ಲಿ ಭೇದಿಸಿದ್ದರು. ರಫ್ತಿನ ನಿರ್ಬಂಧವು ೨೦೦೦ದ ಜನವರಿಯಲ್ಲಿ ಸಡಿಲವಾಯಿತು. ಆದರೆ ಭಾರತದಲ್ಲಿ ಇಂಟರ್ನೆಟ್ ಸೇವಾ ಸಂಸ್ಥೆಗಳಿಗೆ ನೀಡುತ್ತಿದ್ದ ಪರವಾನಗಿಯ ಷರತ್ತುಗಳೂ ೪೦ ಬಿಟ್‌ಗಳಿಗಿಂತ ಉದ್ದದ ಕೀಲಿಗೆ ಸರ್ಕಾರದ ಪೂರ್ವಾನುಮತಿಯನ್ನು ಬೇಡುತ್ತಿದ್ದವು. ಒಂದು ಸರ್ಕಾರವು ಹೊರಗೆ ಬಿಡಲೊಲ್ಲದುದನ್ನು ಮತ್ತೊಂದು ಸರ್ಕಾರವು ಒಳಗೆ ಬಿಡಲೊಲ್ಲದೆ ಹೋಯಿತು. ಅಂಚೆಯನ್ನು ಕುರಿತು ನಾವು ಹೇಳಿದ ಮಾತು, ದಾರಿಯನ್ನು ಕಾಯುವವನೇ ನೋಡುವವನೂ ಆಗಬಯಸುತ್ತಾನೆಂಬುದು, ಮೂರು ಶತಮಾನಗಳ ಅನಂತರವೂ ಹಳತಾಗಿರಲಿಲ್ಲ.

೧೨೮ ಬಿಟ್‌ಗಳ ಕೀಲಿಯು ಬಂದ ಮೇಲಾದರೂ ಪರಿಸ್ಥಿತಿಯು ಸುಧಾರಿಸಿತೆ? ಸುಧಾರಿಸಿದಂತೆ ತೋರಿತು, ಅಷ್ಟೆ. ಏಕೆಂದರೆ ಆ ಕೀಲಿಯು ಹುಟ್ಟುವುದು ಪಾಸ್‌ವರ್ಡಿನ ಗುರುತಿನಿಂದಲೂ ಎಂಎಸ್-ಚಾಪ್‌ನ ಉತ್ತರದಿಂದಲೂ. ಗುರುತು ಸಿಕ್ಕಿದವನಿಗೆ ಕೀಲಿಯೂ ಸಿಕ್ಕಿತು. ಅಷ್ಟೇ ಅಲ್ಲ, ಹಿಂದೆ ಎಂದೋ ದಾಖಲಿಸಿಟ್ಟುಕೊಂಡ ಸಂಭಾಷಣೆಗಳೂ ಅದರಿಂದ ತೆರೆಯುತ್ತವೆ. ೨೦೦೫ರಲ್ಲಿ ಸುರಂಗದ ಮೂಲಕ ಹೋದ ಕಾಗದವನ್ನು ಯಾರಾದರೂ ಹಾಗೆಯೇ ಸಂಗ್ರಹಿಸಿಟ್ಟಿದ್ದರೆ ಇಂದು ಅದನ್ನು ಓದಬಹುದು. ಪತ್ರಾಗಾರಗಳನ್ನು ನಂಬಿ ಬದುಕುವ ನಮಗೆ ಈ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ: ಮೊಹರಾದ ಕಾಗದದ ಆಯುಸ್ಸು ಮೊಹರಿನ ಆಯುಸ್ಸಿಗಿಂತ ದೀರ್ಘ.

ಇವಲ್ಲದೆ ಒಂದು ವ್ಯಾವಹಾರಿಕ ದೋಷವೂ ಉಂಟು. ಒಂದೇ ರೂಟರಿನ ಹಿಂದೆ ಹಲವು ಕಂಪ್ಯೂಟರುಗಳಿರುವ ಕಚೇರಿಯು ಹೊರಗಿನ ಲೋಕಕ್ಕೆ ಒಂದೇ ಮನೆಯ ಸಂಖ್ಯೆಯುಳ್ಳ ವಠಾರದಂತೆ. ಜಿಆರ್‌ಇ ಲಕೋಟೆಯ ಮೇಲೆ, ಸಾಮಾನ್ಯ ಟಪಾಲಿನವನು ಓದಬಲ್ಲ ರೀತಿಯಲ್ಲಿ, ವಠಾರದ ಯಾವ ಮನೆಯವರಿಗೆಂಬ ಗುರುತು ಇರುವುದಿಲ್ಲ. ವಿಶೇಷ ವ್ಯವಸ್ಥೆಯಿಲ್ಲದ ರೂಟರು ಅದನ್ನು ಹಂಚಲಾರದೆ ಹೋಗುತ್ತದೆ. ಸುರಂಗವು ಒಬ್ಬರಿಗೆ ತೆರೆದು ಮತ್ತೊಬ್ಬರಿಗೆ ಮುಚ್ಚಿಕೊಳ್ಳುವ ವಿಚಿತ್ರಕ್ಕೆ ಅನೇಕ ವೇಳೆ ಇದೇ ಕಾರಣ.

೬

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ಈ ದೋಷಗಳೆಲ್ಲ ಎಂಎಸ್-ಚಾಪ್‌ನವು, ಆರ್‌ಸಿ೪ರ ಬಳಕೆಯವು. ಪಿಪಿಟಿಪಿ ಎಂಬ ಸುರಂಗದ್ದಲ್ಲ ಎಂದು ಕೆಲವರು ವಾದಿಸುತ್ತಾರೆ. ಶ್ನಾಯರ್ ಮತ್ತು ಮಡ್ಜ್ ಅವರು ೧೯೯೮ರಲ್ಲಿಯೇ, ತಮ್ಮ ಟೀಕೆಯು ಮೈಕ್ರೋಸಾಫ್ಟಿನ ಅಳವಡಿಕೆಯನ್ನು ಕುರಿತದ್ದೇ ಹೊರತು ಮೂಲ ನಿಯಮಾವಳಿಯನ್ನು ಕುರಿತದ್ದಲ್ಲವೆಂದು ನ್ಯಾಯವಾಗಿ ಹೇಳಿದ್ದರು. ತರ್ಕದ ದೃಷ್ಟಿಯಿಂದ ಈ ವಿಂಗಡಣೆ ಸರಿ. ಆದರೆ ವಿಮರ್ಶೆಯ ದೃಷ್ಟಿಯಿಂದ ಅದು ಅಪೂರ್ಣವೆಂದು ನಮ್ಮ ಅಭಿಪ್ರಾಯ. ಖಾಸಗಿ ದಾರಿಯನ್ನು ಕಟ್ಟಿಕೊಡುತ್ತೇನೆಂದ ನಿಯಮಾವಳಿಯು ಬೀಗದ ಹೊಣೆಯನ್ನು ಬೇರೆಯವರಿಗೆ ವಹಿಸಿ, ಬೀಗವು ಹೇಗಿರಬೇಕೆಂಬ ಕನಿಷ್ಠ ಅಳತೆಯನ್ನೂ ವಿಧಿಸದೆ ಹೋದರೆ, ಬೀಗ ಮುರಿದಾಗ ತಾನು ನಿರ್ದೋಷಿಯೆಂದು ಹೇಳಲಾಗದು. ಪಾಸ್‌ವರ್ಡಿನ ಬದಲು ಪ್ರಮಾಣಪತ್ರಗಳನ್ನು ಬಳಸಿ ಪ್ರವೇಶವನ್ನು ಭದ್ರಪಡಿಸಬಹುದೆಂಬ ಸಮರ್ಥನೆಯೂ ಉಂಟು. ಮೈಕ್ರೋಸಾಫ್ಟ್ ಸಂಸ್ಥೆಯು ೨೦೧೨ರ ಆಗಸ್ಟಿನಲ್ಲಿ ಎಂಎಸ್-ಚಾಪನ್ನು ಮತ್ತೊಂದು ಭದ್ರ ಹೊದಿಕೆಯೊಳಗೆ ಇಡಬೇಕೆಂದು ಸಲಹೆ ಮಾಡಿತು. ಇದರಿಂದ ಮೊದಲನೆಯ ಪ್ರಶ್ನೆಗೆ ಉತ್ತರ ಸಿಕ್ಕಿದರೂ ಎರಡನೆಯದು ಹಾಗೆಯೇ ಉಳಿಯುತ್ತದೆ. ಅಲ್ಲದೆ ಪ್ರಮಾಣಪತ್ರಗಳನ್ನು ಹಂಚುವ ಶ್ರಮಕ್ಕೆ ಒಪ್ಪುವ ಕಚೇರಿಯು ಅದೇ ಶ್ರಮದಿಂದ ಉತ್ತಮವಾದ ನಿಯಮಾವಳಿಯನ್ನೇ ಪಡೆಯಬಹುದು.

ಇಲ್ಲಿ ಕರ್ನಾಟಕದ ಉದಾಹರಣೆಯೊಂದು ಬೋಧಪ್ರದವಾಗಿದೆ. ಪಿಪಿಟಿಪಿಯ ದೋಷಗಳು ಚರ್ಚೆಯಾಗುತ್ತಿದ್ದ ಕಾಲದಲ್ಲಿಯೇ ನಮ್ಮ ಕಂದಾಯ ಇಲಾಖೆಯು ಎನ್‌ಐಸಿಯ ನೆರವಿನಿಂದ ಭೂಮಿ ಯೋಜನೆಯನ್ನು ಕೈಗೊಂಡು, ಸುಮಾರು ೬೭ ಲಕ್ಷ ಭೂಮಾಲೀಕರ ೨ ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಕಡೂರು, ತರೀಕೆರೆಗಳ ತಾಲ್ಲೂಕು ಕಚೇರಿಗಳೂ ಅದರಲ್ಲಿ ಸೇರಿದ್ದವು. ಇಂದು ಸ್ವತಂತ್ರ ತಾಲ್ಲೂಕಾಗಿರುವ ಅಜ್ಜಂಪುರವು ಆಗ ತರೀಕೆರೆಯ ಭಾಗವಾಗಿತ್ತು. ಆ ಯೋಜನೆಯಲ್ಲಿ ದಾಖಲೆಯನ್ನು ತಿದ್ದುವ ಅಧಿಕಾರವುಳ್ಳ ನೌಕರನನ್ನು ಪಾಸ್‌ವರ್ಡೊಂದರಿಂದಲೇ ಗುರುತಿಸದೆ ಬೆರಳಿನ ಗುರುತಿನಿಂದ ಗುರುತಿಸುವ ಏರ್ಪಾಡು ಇತ್ತು. ಪಾಸ್‌ವರ್ಡು ಕೈಯಿಂದ ಕೈಗೆ ದಾಟುವ ವಸ್ತು, ಅದನ್ನು ನಂಬಿ ರೈತನ ಜಮೀನನ್ನು ಒಪ್ಪಿಸಲಾಗದು ಎಂಬ ತಿಳಿವಳಿಕೆಯೇ ಇದರ ಹಿಂದಿನ ಕಾರಣ. ಭೂಮಿಯೂ ಪಿಪಿಟಿಪಿಯೂ ಒಂದೇ ಜಾತಿಯ ವಸ್ತುಗಳಲ್ಲ, ನಿಜ. ಆದರೆ ಮುದ್ರೆಯನ್ನು ಪಾಸ್‌ವರ್ಡಿನ ಮೇಲೆ ಮಾತ್ರ ನಿಲ್ಲಿಸಬಾರದೆಂಬುದನ್ನು ೨೦೦೦ದ ಸುಮಾರಿಗೆ ಕಾಣುವುದು ಅಸಾಧ್ಯವಾಗಿರಲಿಲ್ಲವೆಂಬುದಕ್ಕೆ ನಮ್ಮ ತಾಲ್ಲೂಕು ಕಚೇರಿಗಳೇ ನಿದರ್ಶನ. ಪಿಪಿಟಿಪಿಯ ಕರ್ತೃಗಳನ್ನು ಕಾಲದ ನೆಪದಿಂದ ಪೂರ್ತಿಯಾಗಿ ಕ್ಷಮಿಸಲಾಗದೆಂಬುದು ಇದರಿಂದ ಸ್ಪಷ್ಟ.

೭

ಹೀಗಿದ್ದರೂ ಅದು ಉಳಿದುದೇಕೆ? ಉತ್ತರಾಧಿಕಾರಿಗಳ ಕೊರತೆಯಿಂದಲ್ಲ. ೧೯೯೯ರ ಆಗಸ್ಟಿನಲ್ಲಿಯೇ ಎಲ್‌೨ಟಿಪಿಯೂ, ೨೦೦೧ರಲ್ಲಿ ಓಪನ್‌ವಿಪಿಎನ್ನೂ, ೨೦೦೫ರಲ್ಲಿ ಐಕೆಇಯ ಎರಡನೆಯ ಆವೃತ್ತಿಯೂ ಬಂದವು. ೨೦೨೦ರ ಮಾರ್ಚಿನಲ್ಲಿ ವೈರ್‌ಗಾರ್ಡ್ ಎಂಬುದು ಲಿನಕ್ಸ್ ವ್ಯವಸ್ಥೆಯ ಒಳಗೇ ಸ್ಥಾನ ಪಡೆಯಿತು. ಆದರೂ ಆಪಲ್ ಸಂಸ್ಥೆಯು ಪಿಪಿಟಿಪಿಯನ್ನು ತನ್ನ ಯಂತ್ರಗಳಿಂದ ತೆಗೆದುದು ೨೦೧೬ರಲ್ಲಿ. ೨೦೨೧ರ ಆಂಡ್ರಾಯ್ಡ್ ೧೨ರಲ್ಲಿ ಹೊಸದಾಗಿ ಅದನ್ನು ಸೇರಿಸುವ ಅವಕಾಶ ನಿಂತಿತು. ವಿಂಡೋಸ್ ಸರ್ವರಿನ ಮುಂದಿನ ಆವೃತ್ತಿಗಳಿಂದ ಪಿಪಿಟಿಪಿ ಮತ್ತು ಎಲ್‌೨ಟಿಪಿಗಳು ಹೋಗಲಿವೆಯೆಂದು ಮೈಕ್ರೋಸಾಫ್ಟ್ ಸಾರಿದುದು ೨೦೨೪ರ ಅಕ್ಟೋಬರಿನಲ್ಲಿ. ಮೊದಲ ಟೀಕೆಗೂ ಈ ಸಾರಿಕೆಗೂ ನಡುವೆ ಇಪ್ಪತ್ತಾರು ವರ್ಷಗಳು ಕಳೆದಿದ್ದವು.

ಈ ದೀರ್ಘಾಯುಸ್ಸಿಗೆ ಕಾರಣ ಅದರ ಗುಣಗಳೇ ಎಂಬುದು ನಮ್ಮ ಪ್ರತಿಪಾದನೆ. ಮೂರು ಪದಗಳನ್ನು ತುಂಬಿದರೆ ಸುರಂಗ ತೆರೆಯುತ್ತದೆಂಬ ಸೌಲಭ್ಯವು ಯಾವ ಪಾಸ್‌ವರ್ಡನ್ನು ಆಧಾರ ಮಾಡಿಕೊಂಡಿತ್ತೋ ಆ ಪಾಸ್‌ವರ್ಡೇ ಅದರ ಬಿರುಕು. ಎಲ್ಲ ಯಂತ್ರಗಳಲ್ಲಿಯೂ ಸಿಗುತ್ತದೆಂಬ ಹಿರಿಮೆಯೇ ಅದನ್ನು ತೆಗೆಯಲಾಗದಂತೆ ಮಾಡಿತು. ಹಗುರವೆಂಬ ಕಾರಣಕ್ಕೆ ಹಳೆಯ ರೂಟರುಗಳು ಅದನ್ನು ಬಿಡಲಿಲ್ಲ. ಗುಣ ಒಂದೆಡೆ, ದೋಷ ಮತ್ತೊಂದೆಡೆ ಎಂದು ಎರಡು ಪಟ್ಟಿಗಳನ್ನು ಮಾಡಿ ಕೂಡಿ ಕಳೆಯುವ ವಿಧಾನವು ಇಲ್ಲಿ ಸಾಲದು. ಎರಡೂ ಒಂದೇ ಬೇರಿನಿಂದ ಬಂದ ಕೊಂಬೆಗಳು.

ಇನ್ನು ನಮ್ಮ ಊರುಗಳ ಮಟ್ಟಿಗೆ ಇದರ ಫಲಿತಾರ್ಥವನ್ನು ಹೇಳಬೇಕು. ಸುರಂಗವೆಂಬುದು ಎಲ್ಲ ಕೆಲಸಕ್ಕೂ ಬೇಕಾದುದಲ್ಲ. ವಿಳಾಸದಲ್ಲಿ ಎಚ್‌ಟಿಟಿಪಿಎಸ್ ಎಂಬ ಗುರುತಿರುವ ಜಾಲತಾಣಕ್ಕೆ ತನ್ನದೇ ಆದ ಮೊಹರಿದೆ. ಸಂಸ್ಥೆಯ ಒಳಗಿನ ಸರ್ವರನ್ನು, ಗ್ರಂಥಾಲಯದ ಒಳಜಾಲವನ್ನು, ಲೆಕ್ಕಪತ್ರದ ಕಂಪ್ಯೂಟರನ್ನು ಹೊರಗಿನಿಂದ ಮುಟ್ಟಬೇಕಾದಾಗ ಮಾತ್ರ ಸುರಂಗದ ಪ್ರಶ್ನೆ ಏಳುತ್ತದೆ. ಅಂಥ ಸಂದರ್ಭದಲ್ಲಿ ಹಳೆಯ ರೂಟರಿನ ಪಟ್ಟಿಯಲ್ಲಿ ಪಿಪಿಟಿಪಿ ಎಂಬ ಹೆಸರು ಕಂಡರೆ ಅದನ್ನು ಆರಿಸದಿರುವುದೂ, ಆರಿಸಿದ್ದರೆ ನಿಲ್ಲಿಸಿ ಐಕೆಇ ಎರಡನೆಯ ಆವೃತ್ತಿ, ಓಪನ್‌ವಿಪಿಎನ್ ಅಥವಾ ವೈರ್‌ಗಾರ್ಡ್‌ಗೆ ಬದಲಾಯಿಸುವುದೂ ವಿವೇಕ. ಅಷ್ಟಕ್ಕೇ ನಿಲ್ಲಬಾರದು. ಆ ಸುರಂಗಕ್ಕೆ ಬಳಸಿದ ಪಾಸ್‌ವರ್ಡಿನ ಗುರುತು ಸಿಕ್ಕವನಿಗೆ, ಅದೇ ಪಾಸ್‌ವರ್ಡು ನಡೆಯುವ ಕಚೇರಿಯ ವಿಂಡೋಸ್ ಜಾಲದ ಇತರ ಬಾಗಿಲುಗಳೂ ತೆರೆಯಬಹುದು. ಆದುದರಿಂದ ಪಾಸ್‌ವರ್ಡನ್ನು ಎಲ್ಲೆಡೆಯೂ ಬದಲಾಯಿಸುವುದು ಅವಶ್ಯಕ.

ಸಣ್ಣ ಊರಿನ ಕಾಲೇಜಿನ ಕಾಗದಗಳನ್ನು ಕದಿಯುವವರಾರು ಎಂಬ ಉದಾಸೀನಕ್ಕೆ ಇಲ್ಲಿ ಎಡೆಯಿಲ್ಲ. ವಿದ್ಯಾರ್ಥಿಯ ಜಾತಿ ಮತ್ತು ಆದಾಯದ ಪ್ರಮಾಣಪತ್ರ, ಬ್ಯಾಂಕ್ ಖಾತೆಯ ವಿವರ, ಅಂಕಗಳು, ಇನ್ನೂ ನಡೆಯಬೇಕಾದ ಪರೀಕ್ಷೆಯ ಪ್ರಶ್ನೆಪತ್ರಿಕೆ, ಇವು ಅಜ್ಜಂಪುರದಲ್ಲಿಯೂ ಬೆಂಗಳೂರಿನಷ್ಟೇ ಬೆಲೆಯುಳ್ಳವು. ಪ್ರಶ್ನೆಪತ್ರಿಕೆಯ ಗುಟ್ಟು ಪರೀಕ್ಷೆಯ ಗಂಟೆ ಹೊಡೆಯುವವರೆಗೆ ಉಳಿದರೆ ಸಾಕು. ವಿದ್ಯಾರ್ಥಿಯ ಸ್ವಂತ ವಿಷಯವು ಅವನ ಬಾಳಿನುದ್ದಕ್ಕೂ ಉಳಿಯಬೇಕು. ಒಂದು ದಿನದಲ್ಲಿ ಒಡೆಯುವ ಮೊಹರು ಮೊದಲನೆಯದಕ್ಕೇ ಸಾಲದು, ಎರಡನೆಯದಕ್ಕಂತೂ ಸಲ್ಲದು.

ಒಟ್ಟಿನಲ್ಲಿ ಪಿಪಿಟಿಪಿಯು ತನ್ನ ಕಾಲಕ್ಕೆ ಉಪಕಾರ ಮಾಡಿದ, ದಾರಿ ಕಟ್ಟುವುದರಲ್ಲಿ ಜಾಣ್ಮೆಯನ್ನೂ ಮುದ್ರೆ ಒತ್ತುವುದರಲ್ಲಿ ಅಜಾಗ್ರತೆಯನ್ನೂ ತೋರಿದ ನಿಯಮಾವಳಿ. ಇತಿಹಾಸದಲ್ಲಿ ಅದಕ್ಕೆ ಸಲ್ಲಬೇಕಾದ ಗೌರವವನ್ನು ಸಲ್ಲಿಸೋಣ, ಬಳಕೆಯಿಂದ ಅದನ್ನು ಬಿಡೋಣ. ಮೊಹರಿಲ್ಲದ ಲಕೋಟೆಯಲ್ಲಿ ಗುಟ್ಟನ್ನು ಬರೆಯಬಾರದೆಂಬ ಎಚ್ಚರ ಎಲ್ಲರಿಗೂ ಇರುತ್ತದೆ. ಒಡೆದ ಮೊಹರನ್ನು ಹೊತ್ತ ಲಕೋಟೆಯ ಮುಂದೆ ಆ ಎಚ್ಚರವು ನಿದ್ರಿಸುತ್ತದೆ. ಹಳೆಯ ಸಾಧನಗಳಿಂದ ಬರುವ ಅಪಾಯಗಳಲ್ಲಿ ಇದಕ್ಕಿಂತ ದೊಡ್ಡದಿಲ್ಲ.